ಲೇತ್‌ನಲ್ಲಿ ಫಿನಿಶ್ ಕಟ್: ಕೊನೆಯ ಕಟ್‌ಗೆ ಮುಂಚೆ ಒಂದು ತಾಲೀಮು

ಲೇತ್ ಮೇಲೆ ತಿರುಗಿಸಿ ಕತ್ತರಿಸುತ್ತಿರುವ ಜಾಬನ್ನು ಅಳೆದಿರಿ, ಮೈಕ್ರೋಮೀಟರ್ 25.03 ಮಿ.ಮೀ. ತೋರಿಸುತ್ತಿದೆ. ಬೇಕಾದದ್ದು 25.01. ಇನ್ನು ಎರಡು ನೂರಂಶ (ಮಿಲಿಮೀಟರಿನ ನೂರರಲ್ಲಿ ಎರಡು ಭಾಗ) ತಾನೇ ಅಂತ ಡಯಲ್ ಅನ್ನು ಕೂದಲೆಳೆಯಷ್ಟು ಒಳಗೆ ಕೊಟ್ಟು, ಟೂಲ್ ಜಾಬ್ ಉದ್ದಕ್ಕೂ ಸರಿಯಲು ಫೀಡ್ ಹಾಕುತ್ತೀರಿ. ಟೂಲ್ ಓಡುತ್ತದೆ, ಚಿಪ್ ಬರುವುದಿಲ್ಲ, ಜಾಬ್ ಮೇಲೆ ಬರೀ ಹೊಳಪು ಮೂಡುತ್ತದೆ. ಅಳೆದರೆ ಮತ್ತೆ 25.03. ಇನ್ನೊಂಚೂರು ಕೊಡುತ್ತೀರಿ. ಈ ಸಲ ನೂಲಿನಂಥ ಚಿಪ್ ಬಂತು. ಅಳೆದರೆ 24.98. ಅರ್ಧ ದಿನದ ಕೆಲಸ ಸ್ಕ್ರ್ಯಾಪ್ ಡಬ್ಬಿಗೆ.

ಲೇತ್ ಮುಂದೆ ನಿಂತವರಲ್ಲಿ ಇದನ್ನು ಅನುಭವಿಸದವರು ಕಡಿಮೆ. ಸಾಮಾನ್ಯವಾಗಿ ಬೈಗುಳ ಬೀಳುವುದು ಯಂತ್ರಕ್ಕೆ: "ಹಳೇ ಮಷೀನು, ಸ್ಕ್ರೂ ಸವೆದಿದೆ." ಸ್ಕ್ರೂ ಸವೆದಿರಬಹುದು. ಆದರೆ ಇಲ್ಲಿ ತಪ್ಪು ಅದರದ್ದಲ್ಲ. ಕೊನೆಗೆ ತೀರಾ ತೆಳ್ಳನೆಯ ಕಟ್ ಉಳಿಸಿಕೊಂಡದ್ದೇ ತಪ್ಪು. ಟೂಲ್‌ನ ತುದಿ ಕಣ್ಣಿಗೆ ಎಷ್ಟೇ ಹರಿತವಾಗಿ ಕಂಡರೂ ಅದಕ್ಕೊಂದು ಸಣ್ಣ ದುಂಡು ಇದ್ದೇ ಇರುತ್ತದೆ. ಆ ದುಂಡಿಗಿಂತ ತೆಳುವಾದ ಪದರ ಕೊಟ್ಟರೆ ಟೂಲ್ ಕತ್ತರಿಸುವುದಿಲ್ಲ, ಉಜ್ಜುತ್ತದೆ. ಉಜ್ಜುವಾಗ ಜಾಬ್ ಆ ಕಡೆ, ಟೂಲ್ ಈ ಕಡೆ ಜಗ್ಗಿ ಕೂರುತ್ತವೆ. ಒತ್ತಡ ಹೆಚ್ಚುತ್ತಾ ಹೋಗಿ ಒಂದು ಹಂತದಲ್ಲಿ ತುದಿ ಲೋಹವನ್ನು ಕಚ್ಚುತ್ತದೆ. ಆಗ ನೀವು ಎರಡು ಸಲ ಕೊಟ್ಟದ್ದೂ ಜಗ್ಗಿ ಕೂತದ್ದೂ ಒಟ್ಟಿಗೆ ಹೊರಬರುತ್ತವೆ.

ಕೊನೆಯ ಕಟ್ ಟೂಲ್ ನೆಮ್ಮದಿಯಾಗಿ ಕತ್ತರಿಸುವಷ್ಟು ದಪ್ಪ ಇರಬೇಕು, ಅದರ ಹಿಂದಿನ ಕಟ್ ಆಳ, ಫೀಡ್, ವೇಗ ಎಲ್ಲದರಲ್ಲೂ ಅದರ ಪಡಿಯಚ್ಚಾಗಿರಬೇಕು. ನಾಟಕಕ್ಕೆ ತಾಲೀಮು ಇದ್ದ ಹಾಗೆ. ತಾಲೀಮಿನಲ್ಲಿ ಎಷ್ಟು ಜಗ್ಗಿತೋ ಪ್ರದರ್ಶನದಲ್ಲೂ ಅಷ್ಟೇ ಜಗ್ಗುತ್ತದೆ, ಆದ್ದರಿಂದ ಜಗ್ಗಿದ್ದು ಲೆಕ್ಕದಿಂದ ಹೊರಗೆ ಹೋಗುತ್ತದೆ. ಮುಂದೆ ಬರೆದಿರುವುದೆಲ್ಲ ಈ ಒಂದು ಕೆಲಸಕ್ಕೆ ನೆಲ ಹಸನು ಮಾಡುವ ಸಂಗತಿ.

ಕೈಯಲ್ಲಿರುವ ಜಾಬ್

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದು ಜಾಬ್ ಹಿಡಿದುಕೊಳ್ಳೋಣ. ಇಎನ್8 ಎಂಬ ದರ್ಜೆಯ ಉಕ್ಕಿನ ಶಾಫ್ಟ್, 32 ಮಿ.ಮೀ. ವ್ಯಾಸ, 300 ಉದ್ದ. ಎರಡೂ ತುದಿಯಲ್ಲಿ 6205 ಬೇರಿಂಗ್ ಕೂರಬೇಕು. ಆ ಬೇರಿಂಗ್‌ನ ಒಳವ್ಯಾಸ 25, ಹೊರವ್ಯಾಸ 52, ಅಗಲ 15. ಡ್ರಾಯಿಂಗ್‌ನಲ್ಲಿ ಸೀಟಿಗೆ, ಅಂದರೆ ಬೇರಿಂಗ್ ಕೂರುವ ಜಾಗಕ್ಕೆ, 25 ಕೆ6 ಅಂತ ಇದೆ. ಅಂದರೆ 25.002 ರಿಂದ 25.015 ರವರೆಗೆ ಒಪ್ಪಿಗೆ. ನಡುವೆ ಇರುವುದು 13 ಮೈಕ್ರಾನ್ ಜಾಗ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಬೇರಿಂಗ್‌ನ ತೂತು 25.000 ರಿಂದ 24.990 ರ ಒಳಗಿರುತ್ತದೆ, ಹಾಗಾಗಿ ಶಾಫ್ಟ್ ಯಾವಾಗಲೂ ಬಿಗಿಯಾಗಿಯೇ ಕೂರುತ್ತದೆ.

ಇಂಥ ಸೀಟನ್ನು ಸಿಲಿಂಡ್ರಿಕಲ್ ಗ್ರೈಂಡಿಂಗ್‌ಗೆ (ಸಾಣೆ ಚಕ್ರದಿಂದ ಸೈಜ್ ಮಾಡಲು) ಕಳಿಸುವುದೇ ರೂಢಿ, ಸಂಖ್ಯೆ ಹೆಚ್ಚಿದ್ದರೆ ಅದೇ ಸರಿ. ಆದರೆ ರಿಪೇರಿಗೆ ಬಂದ ಒಂದು ಶಾಫ್ಟಿಗೆ, ಅಥವಾ ಇಪ್ಪತ್ತು ಪೀಸ್‌ನ ಸಣ್ಣ ಆರ್ಡರಿಗೆ, ಲೇತ್‌ನಲ್ಲೇ ಮುಗಿಸಬಹುದು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳು, 1953ರಲ್ಲಿ ಹುಟ್ಟಿ ಜಾಲಹಳ್ಳಿಯಲ್ಲಿ ಬೆಳೆದ ಎಚ್‌ಎಂಟಿಯ ಲೇತ್‌ಗಳು ಪೀಣ್ಯದ ಶೆಡ್ಡುಗಳಲ್ಲಿ ಇಂದಿಗೂ ದುಡಿಯುತ್ತಿವೆ. ಅವುಗಳಲ್ಲಿ ಜಾಬನ್ನು ತಿರುಗಿಸುವ ಸ್ಪಿಂಡಲ್‌ನ ಬೇರಿಂಗ್ ಚೆನ್ನಾಗಿದ್ದರೆ ಈ ಸೈಜ್ ಬರುತ್ತದೆ. ಬೆಡ್ (ಯಂತ್ರದ ಉದ್ದನೆಯ ತಳಹಳಿ) ಸವೆದಿದ್ದರೂ 15 ಮಿ.ಮೀ. ಉದ್ದದ ಸೀಟಿಗೆ ಅದು ಅಷ್ಟಾಗಿ ಅಡ್ಡ ಬರುವುದಿಲ್ಲ.

ಯಂತ್ರ

ಬೆಳಗ್ಗೆ ಬಂದ ಕೂಡಲೇ ಫಿನಿಶ್ ಕಟ್‌ಗೆ ಕೈ ಹಾಕಬೇಡಿ. ಸ್ಪಿಂಡಲ್ ಅನ್ನು ಕೆಲಸದ ವೇಗದಲ್ಲೇ 15-20 ನಿಮಿಷ ಓಡಿಸಿ. ಸ್ಪಿಂಡಲ್ ಕೂತಿರುವ ಹೆಡ್‌ಸ್ಟಾಕ್ ಬಿಸಿಯಾಗುತ್ತಾ ಸ್ಪಿಂಡಲ್‌ನ ಅಕ್ಷ ಕೆಲವು ಮೈಕ್ರಾನ್ ಸರಿಯುತ್ತದೆ. ಆ ಸರಿದಾಟ ನಿಮ್ಮ ಜಾಬ್‌ನ ನಡುವೆ ಆಗಬಾರದು.

ಆಮೇಲೆ ಆಟ (ಸಡಿಲ) ಎಲ್ಲೆಲ್ಲಿದೆ ನೋಡಿ. ಮ್ಯಾಗ್ನೆಟಿಕ್ ಬೇಸ್ ಅನ್ನು ಬೆಡ್ ಮೇಲೆ ಕೂರಿಸಿ, ಡಯಲ್ ಗೇಜ್‌ನ ತುದಿಯನ್ನು ಟೂಲ್ ಪೋಸ್ಟ್‌ಗೆ ತಾಗಿಸಿ, ಕೈಯಿಂದ ಟೂಲ್ ಪೋಸ್ಟನ್ನು ಎಳೆದು ತಳ್ಳಿ. ಮುಳ್ಳು ಎರಡು ಮೂರು ನೂರಂಶ ಅಲುಗಾಡಿ ವಾಪಸ್ ಬಾರದಿದ್ದರೆ ಟೂಲನ್ನು ಜಾಬ್ ಕಡೆಗೆ ಅಡ್ಡ ಸರಿಸುವ ಕ್ರಾಸ್ ಸ್ಲೈಡ್‌ನ ಗಿಬ್ (ಆಟ ತೆಗೆಯುವ ಪಟ್ಟಿ) ಬಿಗಿ ಮಾಡಬೇಕು. ಹಿಡಿಕೆ ತಿರುಗಿಸುವಾಗ ಸ್ವಲ್ಪ ತಡೆ ಗೊತ್ತಾಗಬೇಕು, ಜೋರು ಮಾಡುವ ಹಾಗಿರಬಾರದು. ಕ್ರಾಸ್ ಸ್ಲೈಡ್ ಮೇಲೆ ಕೂತು ಬೇಕಾದ ಕೋನಕ್ಕೆ ತಿರುಗುವ ಕಾಂಪೌಂಡ್ ಸ್ಲೈಡ್ ಬಳಸದಿದ್ದರೆ ಅದರ ಗಿಬ್ ಸ್ಕ್ರೂ ಒಂದನ್ನು ಪೂರ್ತಿ ಬಿಗಿದು ಲಾಕ್ ಮಾಡಿಬಿಡಿ.

ಟೂಲ್ ಕೆಳಗೆ ಹ್ಯಾಕ್ಸಾ ಬ್ಲೇಡಿನ ತುಂಡುಗಳನ್ನು ಪ್ಯಾಕಿಂಗ್ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ರಫಿಂಗ್‌ಗೆ (ಮೊದಲ ಒರಟು ಕಟ್‌ಗಳಿಗೆ) ನಡೆಯುತ್ತದೆ. ಫಿನಿಶ್‌ಗೆ ಐದಾರು ತುಂಡು ಒಂದರ ಮೇಲೊಂದು ಇಟ್ಟರೆ ಅದು ಲೀಫ್ ಸ್ಪ್ರಿಂಗ್ ಆಗುತ್ತದೆ. ಟೂಲ್‌ನ ಅಗಲಕ್ಕೆ ಸಮನಾದ ಒಂದೇ ದಪ್ಪ ಪಟ್ಟಿ ಗ್ರೈಂಡ್ ಮಾಡಿಸಿ ಇಟ್ಟುಕೊಳ್ಳಿ, ಎತ್ತರದ ಕೊನೆಯ ಹೊಂದಾಣಿಕೆಗೆ ಮಾತ್ರ ತೆಳು ಷಿಮ್.

ಡಯಲ್ ಏನು ಹೇಳುತ್ತಿದೆ?

ಕ್ರಾಸ್ ಸ್ಲೈಡ್‌ನ ಡಯಲ್ ಕೆಲವು ಯಂತ್ರಗಳಲ್ಲಿ ಟೂಲ್ ಚಲಿಸಿದ ದೂರ ಹೇಳುತ್ತದೆ, ಕೆಲವುಗಳಲ್ಲಿ ವ್ಯಾಸದಲ್ಲಿ ಕಡಿಮೆಯಾಗುವುದನ್ನೇ ಹೇಳುತ್ತದೆ. ಹೊಸ ಯಂತ್ರಕ್ಕೆ ನಿಂತಾಗ ಕೇಳಿ ತಿಳಿಯುವುದಕ್ಕಿಂತ ಡಯಲ್ ಗೇಜ್ ಇಟ್ಟು ನೋಡುವುದು ವಾಸಿ: ಹತ್ತು ಗೀಟು ತಿರುಗಿಸಿ, ಸ್ಲೈಡ್ ನಿಜವಾಗಿ ಎಷ್ಟು ಬಂತು ಅಂತ ಓದಿ. ಈ ಬರಹದಲ್ಲಿ ಡಯಲ್ ಅಳತೆ ಅಂದಾಗಲೆಲ್ಲ ವ್ಯಾಸದ ಲೆಕ್ಕ.

ಬ್ಯಾಕ್‌ಲ್ಯಾಷ್ (ಹಿಡಿಕೆಯ ದಿಕ್ಕು ಬದಲಿಸಿದಾಗ ಸ್ಕ್ರೂವಿನಲ್ಲಿ ಸಿಗುವ ಸಡಿಲ) ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದನ್ನು ತೆಗೆಯಲು ಆಗುವುದಿಲ್ಲ, ದಾರಿ ತಪ್ಪಿಸಬಹುದು. ಪ್ರತಿ ಸಲವೂ ಹೊರಗಿನಿಂದ ಒಳಗೆ ಬಂದೇ ಗೀಟಿಗೆ ನಿಲ್ಲಿ. ಗೀಟು ದಾಟಿಬಿಟ್ಟರೆ ಒಂಚೂರು ಹಿಂದಕ್ಕೆ ತಿರುಗಿಸಿ ಸರಿಪಡಿಸಬೇಡಿ. ಒಂದು ಪೂರ್ತಿ ಸುತ್ತು ಹಿಂದೆ ಹೋಗಿ ಮತ್ತೆ ಬನ್ನಿ.

ಕಷ್ಟ ಬರುವುದು ಗೀಟುಗಳ ನಡುವೆ. ಒಂದು ಗೀಟಿಗೆ ವ್ಯಾಸದಲ್ಲಿ 0.05 ಬರುವ ಡಯಲ್ ಇದ್ದರೆ 0.01 ಕೊಡುವುದು ಹೇಗೆ? ಕಣ್ಣಂದಾಜು ಬೇಡ. ಕಾಂಪೌಂಡ್ ಸ್ಲೈಡ್ ಅನ್ನು ಬೆಡ್‌ಗೆ ಸಮಾನಾಂತರವಾಗಿ ನಿಲ್ಲಿಸಿ, ಅಲ್ಲಿಂದ 5.74 ಡಿಗ್ರಿ ತಿರುಗಿಸಿ. ಆ ಕೋನದ ಸೈನ್ ಹತ್ತರಲ್ಲಿ ಒಂದು. ಅಂದರೆ ಕಾಂಪೌಂಡ್ 0.05 ಮುಂದೆ ಹೋದರೆ ಟೂಲ್ ಜಾಬ್ ಕಡೆ 0.005 ಹೋಗುತ್ತದೆ, ವ್ಯಾಸದಲ್ಲಿ 0.01 ಕಡಿಮೆಯಾಗುತ್ತದೆ. ಕಾಂಪೌಂಡಿನ ಬುಡದ ಸ್ಕೇಲ್‌ನಲ್ಲಿ 5.74 ಓದಲು ಸಾಧ್ಯವಿಲ್ಲ, ನಿಜ. ಡಯಲ್ ಗೇಜ್ ಅನ್ನು ಅಡ್ಡಕ್ಕೆ, ಅಂದರೆ ಕ್ರಾಸ್ ಸ್ಲೈಡ್ ಚಲಿಸುವ ದಿಕ್ಕಿಗೆ ಇಟ್ಟು, ಕಾಂಪೌಂಡನ್ನು 10 ಮಿ.ಮೀ. ಓಡಿಸಿ. ಗೇಜ್ 1.00 ತೋರಿಸುವವರೆಗೆ ಬುಡವನ್ನು ಸ್ವಲ್ಪಸ್ವಲ್ಪವೇ ತಟ್ಟಿ ಸರಿಮಾಡಿ.

ಇದರಲ್ಲಿ ಒಂದು ಹುಷಾರು: ಕಾಂಪೌಂಡ್ ಮುಂದೆ ಹೋದಷ್ಟೂ ಟೂಲ್ ಉದ್ದಕ್ಕೂ ಸರಿಯುತ್ತದೆ, ಹೆಚ್ಚುಕಡಿಮೆ ಅಷ್ಟೇ ದೂರ. ಆದ್ದರಿಂದ ದೊಡ್ಡ ಅಳತೆಯನ್ನು ಕ್ರಾಸ್ ಸ್ಲೈಡ್‌ನಲ್ಲೇ ಕೊಡಿ, ಕೊನೆಯ ಒಂದೆರಡು ನೂರಂಶಕ್ಕೆ ಮಾತ್ರ ಕಾಂಪೌಂಡ್. ಆಗ ಶೋಲ್ಡರ್‌ನಲ್ಲಿ (ಸೀಟು ಮುಗಿದು ದಪ್ಪ ಶುರುವಾಗುವ ಮೆಟ್ಟಿಲಲ್ಲಿ) ಬರುವ ವ್ಯತ್ಯಾಸ 0.05-0.1, ಅದು ನಮ್ಮ ಜಾಬ್‌ಗೆ ನಗಣ್ಯ. ಈ ಉಪಾಯಕ್ಕೆ ಕಾಂಪೌಂಡ್ ಲಾಕ್ ಮಾಡಲಾಗುವುದಿಲ್ಲ, ಅದರ ಗಿಬ್ ಮಾಮೂಲಿಗಿಂತ ಬಿಗಿಯಾಗಿರಲಿ.

ಟೂಲ್

ಕಾರ್ಬೈಡ್ ಟೂಲ್ ಆದರೆ ನೋಸ್ ರೇಡಿಯಸ್ (ಮೇಲಿನಿಂದ ನೋಡಿದಾಗ ಕಾಣುವ ಮೂಲೆಯ ದುಂಡು) 0.4 ಇರುವ ಪಾಸಿಟಿವ್ ಇನ್ಸರ್ಟ್ (ಟೂಲ್ ತುದಿಗೆ ಕೂರಿಸುವ ಬಿಲ್ಲೆ) ತೆಗೆದುಕೊಳ್ಳಿ, ಉದಾಹರಣೆಗೆ ಡಿಸಿಎಂಟಿ 11ಟಿ304. ಕೊನೆಯ 04 ಎಂಬುದೇ ರೇಡಿಯಸ್. ಹೆಸರಿನಲ್ಲಿ ಎಂ ಬದಲು ಜಿ ಇದ್ದರೆ ಆ ಇನ್ಸರ್ಟಿನ ಅಳತೆಯ ಟಾಲರೆನ್ಸ್ (ಒಪ್ಪುವ ಹೆಚ್ಚುಕಡಿಮೆ) ಬಿಗಿ, ಸಾಮಾನ್ಯವಾಗಿ ಅಂಚನ್ನು ಗ್ರೈಂಡ್ ಮಾಡಿರುತ್ತಾರೆ. ಅದು ಹೆಚ್ಚು ಹರಿತ, ಕಡಿಮೆ ಒತ್ತಡ ಕೊಡುತ್ತದೆ, ಬೆಲೆಯೂ ಜಾಸ್ತಿ. ರಫಿಂಗ್ ಮಾಡಿದ ಮೂಲೆಯಲ್ಲೇ ಫಿನಿಶ್ ಮಾಡುವುದು ಉಳಿತಾಯ ಅಲ್ಲ. ಫಿನಿಶ್‌ಗೆ ಒಂದು ಮೂಲೆ ಮೀಸಲಿಡಿ.

ಫೀಡ್ (ಜಾಬ್‌ನ ಒಂದು ಸುತ್ತಿಗೆ ಟೂಲ್ ಸರಿಯುವ ದೂರ) ಮತ್ತು ರೇಡಿಯಸ್ ಸೇರಿ ಮೇಲ್ಮೈಯನ್ನು ತೀರ್ಮಾನಿಸುತ್ತವೆ. ಲೆಕ್ಕ ಸುಲಭ: ಫೀಡನ್ನು ಫೀಡಿನಿಂದಲೇ ಗುಣಿಸಿ, ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸಿ. 0.1 ಫೀಡ್, 0.4 ರೇಡಿಯಸ್‌ಗೆ ಏಣಿನಿಂದ ತಗ್ಗಿಗೆ 0.003 ಮಿ.ಮೀ., ಅಂದರೆ 3 ಮೈಕ್ರಾನ್. ಫೀಡ್ 0.2 ಮಾಡಿದರೆ ಅದು ನಾಲ್ಕು ಪಟ್ಟಾಗಿ 12 ಮೈಕ್ರಾನ್ ದಾಟುತ್ತದೆ. ಇದು ಬರೀ ನೋಟದ ವಿಷಯ ಅಂದುಕೊಳ್ಳಬೇಡಿ. ಮೈಕ್ರೋಮೀಟರ್ ಅಳೆಯುವುದು ಏಣುಗಳ ತುದಿಯನ್ನು. ಬೇರಿಂಗ್ ಒತ್ತಿದಾಗ ಆ ತುದಿಗಳು ಚಪ್ಪಟೆಯಾಗುತ್ತವೆ. ಒರಟು ಮೇಲ್ಮೈಯ 25.010 ಒಂದು ಸಲ ಬೇರಿಂಗ್ ಕೂರಿಸಿ ತೆಗೆದ ಮೇಲೆ 25.010 ಆಗಿ ಉಳಿದಿರುವುದಿಲ್ಲ. ರೇಡಿಯಸ್ 0.8 ಮಾಡಿದರೆ ಏಣು ಅರ್ಧಕ್ಕೆ ಇಳಿಯುತ್ತದಲ್ಲ ಅಂತ ಕೇಳಬಹುದು. ಇಳಿಯುತ್ತದೆ, ಆದರೆ ಜಾಬನ್ನು ಆಚೆ ತಳ್ಳುವ ಒತ್ತಡ ಹೆಚ್ಚುತ್ತದೆ, ಸಣ್ಣ ಶಾಫ್ಟ್ ಆದರೆ ಚಾಟರ್ (ಅದುರಾಟ) ಶುರು. ಮೇಲಾಗಿ ಶೋಲ್ಡರ್‌ನ ಮೂಲೆಯಲ್ಲಿ ಟೂಲ್ ಬಿಡುವ ದುಂಡು ಬೇರಿಂಗ್‌ನ ಮೂಲೆಗಿಂತ ಚಿಕ್ಕದಿರಬೇಕು. 6205ರಲ್ಲಿ ಅದು ಕನಿಷ್ಠ 1 ಮಿ.ಮೀ., ಹಾಗಾಗಿ 0.4 ನಿಶ್ಚಿಂತೆ.

ವೇಗ: 25 ವ್ಯಾಸಕ್ಕೆ 1200 ಆರ್‌ಪಿಎಂ ಕೊಟ್ಟರೆ ನಿಮಿಷಕ್ಕೆ 94 ಮೀಟರ್. ಕಾರ್ಬೈಡ್‌ಗೆ ಇದಕ್ಕಿಂತ ಕಡಿಮೆ ಹೋಗಬೇಡಿ, ಯಂತ್ರ ತಡೆದರೆ ಇನ್ನೂ ಮೇಲೆ ಹೋಗಿ. ನಿಧಾನಕ್ಕೆ ಓಡಿಸಿದರೆ ಉಕ್ಕಿನ ಚೂರು ಟೂಲ್‌ನ ತುದಿಗೆ ಅಂಟಿಕೊಂಡು ಬೆಳೆಯುತ್ತದೆ, ಕಳಚುತ್ತದೆ, ಮತ್ತೆ ಬೆಳೆಯುತ್ತದೆ. ತುದಿಯ ಉದ್ದವೇ ಕ್ಷಣಕ್ಷಣಕ್ಕೂ ಬದಲಾದರೆ ಯಾವ ಡಯಲ್ ತಾನೇ ಏನು ಮಾಡೀತು? ಜಾಬ್ ಮೇಲೆ ಹರಿದಂಥ ಗುರುತು, ಟೂಲ್ ತುದಿಯಲ್ಲಿ ಬೆಳ್ಳಗಿನ ಚುಕ್ಕೆ ಕಂಡರೆ ಇದೇ ರೋಗ.

ಯಂತ್ರದ ವೇಗ ಸಾಲದಿದ್ದರೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ಗೆ ಹೋಗುವುದೇ ಜಾಣತನ. 350 ಆರ್‌ಪಿಎಂ ಸಾಕು. ಗ್ರೈಂಡಿಂಗ್ ವೀಲ್‌ನಿಂದ ತೆಗೆದ ಟೂಲ್ ಹಾಗೇ ಹಾಕಬೇಡಿ. ಆಯಿಲ್ ಸ್ಟೋನ್‌ನಲ್ಲಿ ಅಂಚು ಉಜ್ಜಿ, ಉಗುರಿನ ಮೇಲೆ ಇಟ್ಟರೆ ಜಾರದೆ ಕಚ್ಚಿಕೊಳ್ಳುವವರೆಗೆ. ಸಾಲ್ಯೂಬಲ್ ಆಯಿಲ್ ಧಾರೆ ನಿಲ್ಲದೆ ಬೀಳುತ್ತಿರಲಿ. ಬಿಟ್ಟುಬಿಟ್ಟು ಬ್ರಶ್‌ನಲ್ಲಿ ಚಿಮುಕಿಸುವುದಕ್ಕಿಂತ ಪೂರ್ತಿ ಒಣ ಕಟ್ಟೇ ವಾಸಿ.

ಟೂಲ್ ತುದಿಯನ್ನು ಸೆಂಟರ್ ಎತ್ತರಕ್ಕೆ (ಜಾಬ್‌ನ ಅಕ್ಷದ ಮಟ್ಟಕ್ಕೆ) ಹೊಂದಿಸಲು ಟೇಲ್‌ಸ್ಟಾಕ್, ಅಂದರೆ ಜಾಬ್‌ನ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ, ಅದರ ಸೆಂಟರ್‌ನ ಮೊನೆ ನೋಡಿ.

ಜಾಬ್ ಹಿಡಿಯುವುದು

ಜಾಬನ್ನು ಹಿಡಿಯುವ ಚಕ್‌ನಿಂದ ಹೊರಚಾಚಿದ ಸರಳು ಎಷ್ಟು ಬಾಗುತ್ತದೆ ಅನ್ನುವುದು ಗೊತ್ತಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. 20 ವ್ಯಾಸದ ಉಕ್ಕಿನ ಸರಳು 80 ಮಿ.ಮೀ. ಹೊರಗಿದೆ ಅನ್ನಿ, ತುದಿಯಲ್ಲಿ 10 ಕೆಜಿ ಭಾರದಷ್ಟು ಒತ್ತಿದರೆ 10 ಮೈಕ್ರಾನ್ ಬಾಗುತ್ತದೆ, ವ್ಯಾಸದಲ್ಲಿ 20 ಮೈಕ್ರಾನ್ ತಪ್ಪು. ಅದೇ ಸರಳು 160 ಹೊರಗಿದ್ದರೆ ಎರಡು ಪಟ್ಟಲ್ಲ, ಎಂಟು ಪಟ್ಟು ಬಾಗುತ್ತದೆ. ಚಕ್ ಮತ್ತು ಸ್ಪಿಂಡಲ್ ತಾವಾಗಿ ಜಗ್ಗುವುದು ಇದರ ಮೇಲೆ. ವ್ಯಾಸದ ಮೂರು ಪಟ್ಟಿಗಿಂತ ಹೆಚ್ಚು ಹೊರಗಿದ್ದರೆ ಟೇಲ್‌ಸ್ಟಾಕ್ ಆಸರೆ ಕೊಡುವುದು ನನ್ನ ಕಟ್ಟಳೆ.

ನಮ್ಮ ಶಾಫ್ಟಿಗೆ ಎರಡು ತುದಿಯ ಸೀಟುಗಳೂ ಒಂದೇ ಅಕ್ಷದಲ್ಲಿರಬೇಕು. ತ್ರೀ ಜಾ (ಮೂರು ಹಿಡಿಹಲ್ಲಿನ) ಚಕ್‌ನಲ್ಲಿ ಹಿಡಿದು, ಒಂದು ತುದಿ ಮುಗಿಸಿ ತಿರುಗಿಸಿ ಹಾಕಿದರೆ ಜಾಬ್ ಔಟ್ ಆಗುವುದು (ಅಕ್ಷ ತಪ್ಪುವುದು) ಖಂಡಿತ. ಆದ್ದರಿಂದ ಎರಡು ಸೆಂಟರ್‌ಗಳ ನಡುವೆ. ಇದಕ್ಕೆ ಚಕ್ ಬಿಚ್ಚಲೇಬೇಕಿಲ್ಲ. ಒಂದು ತುಂಡು ರಾಡನ್ನು ಚಕ್‌ನಲ್ಲಿ ಹಿಡಿದು ಅಲ್ಲೇ 60 ಡಿಗ್ರಿ ಮೊನೆ ಕತ್ತರಿಸಿ. ಕತ್ತರಿಸಿದ ಜಾಗದಲ್ಲೇ ಇರುವುದರಿಂದ ಅದು ಸ್ಪಿಂಡಲ್ ಅಕ್ಷಕ್ಕೆ ನೇರವಾಗಿರುತ್ತದೆ. ಒಮ್ಮೆ ಬಿಚ್ಚಿದರೆ ಮತ್ತೆ ಹಾಕಿದಾಗ ಒಂದು ತೆಳು ಕಟ್ ಕೊಟ್ಟು ಹೊಸದು ಮಾಡಿಕೊಳ್ಳಿ. ಶಾಫ್ಟಿಗೆ ಕ್ಯಾರಿಯರ್ (ಶಾಫ್ಟನ್ನು ಕಚ್ಚಿ ತಿರುಗಿಸುವ ಬಾಲದ ಹಿಡಿ) ಕಟ್ಟಿ, ಅದರ ಬಾಲ ಚಕ್‌ನ ಒಂದು ಹಿಡಿಹಲ್ಲಿಗೆ ಒರಗಿಕೊಂಡು ತಿರುಗಲಿ. ಎರಡನೇ ತುದಿ ಮಾಡುವಾಗ ಕ್ಯಾರಿಯರ್ ಮುಗಿದ ಸೀಟಿನ ಮೇಲೆ ಬರುತ್ತದೆ, ತಾಮ್ರದ ತಗಡು ಸುತ್ತದೆ ಬಿಗಿಯಬೇಡಿ.

ಟೇಲ್‌ಸ್ಟಾಕ್ ನೇರ ಇದೆಯೇ ಅಂತ ಪರೀಕ್ಷಿಸಲು ಒಂದು ರಾಡ್ ಕಾಯಂ ಇಟ್ಟುಕೊಳ್ಳಿ: 300 ಉದ್ದ, ನಡುವೆ ತಗ್ಗು, ಎರಡೂ ತುದಿಯಲ್ಲಿ 15 ಮಿ.ಮೀ. ಅಗಲದ ಪಟ್ಟಿ. ಸೆಂಟರ್‌ಗಳ ನಡುವೆ ಹಾಕಿ, ಕ್ರಾಸ್ ಸ್ಲೈಡ್ ಮುಟ್ಟದೆ ಎರಡೂ ಪಟ್ಟಿಗಳ ಮೇಲೆ ಒಂದೇ ಸೆಟ್ಟಿಂಗ್‌ನಲ್ಲಿ ಹಗುರ ಕಟ್ ತೆಗೆದುಕೊಂಡು ಅಳೆಯಿರಿ. ಟೇಲ್‌ಸ್ಟಾಕ್ ಕಡೆಯದು 0.04 ದೊಡ್ಡದಿದ್ದರೆ ಟೇಲ್‌ಸ್ಟಾಕ್ ನಿಮ್ಮಿಂದ ಆಚೆಗೆ 0.02 ಹೋಗಿದೆ ಎಂದರ್ಥ, ಅಷ್ಟನ್ನು ನಿಮ್ಮ ಕಡೆ ಎಳೆಯಿರಿ. ಟೇಲ್‌ಸ್ಟಾಕ್‌ಗೆ ಡಯಲ್ ಗೇಜ್ ತಾಗಿಸಿಟ್ಟು ಸ್ಕ್ರೂ ತಿರುಗಿಸಿದರೆ ಎಷ್ಟು ಬಂತು ಕಾಣುತ್ತದೆ. ಬೆಡ್‌ಗೆ ಕ್ಲಾಂಪ್ ಮಾಡಿದ ಮೇಲೆ ಮತ್ತೆ ಓದಿ, ಕ್ಲಾಂಪ್ ಬಿಗಿಯುವಾಗ ಅದು ಸರಿಯುವುದುಂಟು.

ರಫಿಂಗ್, ಆಮೇಲೆ ಕಾಯುವುದು

ಎರಡೂ ತುದಿಗಳನ್ನು 26.5ರ ಸುತ್ತಮುತ್ತ ತಂದು ನಿಲ್ಲಿಸಿ. ಶೋಲ್ಡರ್‌ನಲ್ಲೂ 0.3 ಉಳಿಸಿ. ಕೀವೇ (ಕೀ ಕೂರುವ ತೋಡು) ಇದ್ದರೆ ಅದನ್ನೂ ಈಗಲೇ ಹಾಕಿಸಿ. ಬ್ರೈಟ್ ಬಾರ್ (ತಣ್ಣಗೆ ಎಳೆದ ನಯವಾದ ಸರಳು) ಆದರಂತೂ ಒಂದು ಬದಿಯ ಚರ್ಮ ಕಿತ್ತರೆ ಒಳಗಿನ ಬಿಗಿತ ಸಡಿಲಾಗಿ ಶಾಫ್ಟ್ ಬಾಗುತ್ತದೆ.

ಈಗ ಟೀ ಕುಡಿದು ಬನ್ನಿ. ತಮಾಷೆಗೆ ಹೇಳುತ್ತಿಲ್ಲ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 25 ವ್ಯಾಸದ ಸೀಟು ಶೆಡ್ಡಿನ ಗಾಳಿಗಿಂತ 40 ಡಿಗ್ರಿ ಬಿಸಿಯಿದ್ದರೆ 11 ಮೈಕ್ರಾನ್‌ಗೂ ಹೆಚ್ಚು ದಪ್ಪ ತೋರಿಸುತ್ತದೆ. ಬಿಸಿಯಲ್ಲಿ 25.010 ಅಳೆದು ಸಂತೋಷಪಟ್ಟ ಶಾಫ್ಟ್ ಮರುದಿನ 24.998 ಆಗಿರುತ್ತದೆ, ಬೇರಿಂಗ್ ಬೆರಳಲ್ಲಿ ತಳ್ಳಿದರೆ ಕೂರಬಹುದು. ಉದ್ದದಲ್ಲೂ ಅಷ್ಟೇ: 300 ಮಿ.ಮೀ. ಶಾಫ್ಟ್ 30 ಡಿಗ್ರಿ ಬಿಸಿಯಾದರೆ 0.1 ಉದ್ದವಾಗುತ್ತದೆ. ಎರಡೂ ಕಡೆ ಸೆಂಟರ್ ಒತ್ತಿಕೊಂಡಿರುವಾಗ ಆ 0.1 ಹೋಗುವುದೆಲ್ಲಿಗೆ? ಶಾಫ್ಟ್ ಬಿಲ್ಲಿನ ಹಾಗೆ ಬಾಗುತ್ತದೆ. ತಣ್ಣಗಾದ ಮೇಲೆ ಟೇಲ್‌ಸ್ಟಾಕ್ ಸಡಿಲಿಸಿ ಹೊಸದಾಗಿ ಹದವಾಗಿ ಒತ್ತಿ.

ಎಷ್ಟು ತಣ್ಣಗಾಗಬೇಕು? ಅಳತೆಯ ಅಧಿಕೃತ ಉಷ್ಣಾಂಶ 20 ಡಿಗ್ರಿ. ಆದರೆ ಶೆಡ್ಡಿನಲ್ಲಿ 28 ಇದ್ದರೂ ಯೋಚನೆಯಿಲ್ಲ. ಮೈಕ್ರೋಮೀಟರ್ ಉಕ್ಕು, ಜಾಬ್ ಉಕ್ಕು, ಎರಡೂ ಒಂದೇ ಬಿಸಿಯಲ್ಲಿದ್ದರೆ ಒಟ್ಟಿಗೆ ಹಿಗ್ಗಿರುತ್ತವೆ. ಅಲ್ಯೂಮಿನಿಯಂ ಜಾಬ್ ಆದರೆ ಈ ಮಾತು ನಡೆಯುವುದಿಲ್ಲ, ಅದು ಉಕ್ಕಿನ ಎರಡರಷ್ಟು ಹಿಗ್ಗುವ ಲೋಹ.

ಮೂರು ಕಟ್

ತಣ್ಣಗಾದ ಸೀಟು ಅಳೆದಿರಿ: 26.52. ಗುರಿ 25.008, ಟಾಲರೆನ್ಸಿನ ನಡುಮಧ್ಯ. ತೆಗೆಯಬೇಕಾದದ್ದು 1.512. ಇದನ್ನು ಮೂರು ಸಮಪಾಲು ಮಾಡಿ, ಒಂದೊಂದಕ್ಕೆ ವ್ಯಾಸದಲ್ಲಿ 0.50 ಚಿಲ್ಲರೆ. ಟೂಲ್ ಒಳಗೆ ಹೋಗುವುದು 0.25, ಅಂದರೆ ನೋಸ್ ರೇಡಿಯಸ್‌ನ ಅರ್ಧಕ್ಕಿಂತ ಹೆಚ್ಚು. ಟೂಲ್ ಉಜ್ಜದೆ ಕತ್ತರಿಸಲು ಇಷ್ಟು ಬೇಕು.

ಮೊದಲ ಕಟ್. ಡಯಲ್‌ನಲ್ಲಿ 0.50 ಕೊಟ್ಟು, ಫೀಡ್ 0.1ರಲ್ಲಿ ಓಡಿಸಿ. ಟೂಲನ್ನು ಉದ್ದಕ್ಕೂ ಒಯ್ಯುವ ಕ್ಯಾರೇಜ್‌ನ ಸ್ಟಾಪ್‌ಗಿಂತ ಸ್ವಲ್ಪ ಮುಂಚೆ ಫೀಡ್ ಬಿಟ್ಟು ಕೈಯಲ್ಲಿ ಮುಟ್ಟಿಸಿ, ಟೂಲನ್ನು ಒಂದು ಸುತ್ತು ಹಿಂದೆ ತೆಗೆದು ಕ್ಯಾರೇಜ್ ವಾಪಸ್ ತನ್ನಿ. 26.02 ಬರಬೇಕಿತ್ತು, ಬಂದದ್ದು 26.036. ಎಲ್ಲಿ ಹೋಯಿತು 16 ಮೈಕ್ರಾನ್? ಹಿಂದಿನ ರಫಿಂಗ್ ಕಟ್‌ನ ಜಗ್ಗು ಬೇರೆ, ಟೂಲ್‌ನ ಮೂಲೆ ಬೇರೆ, ಜಾಬ್‌ನ ಬಿಸಿ ಬೇರೆ. ಈ ಸಂಖ್ಯೆಯಿಂದ ಏನನ್ನೂ ಕಲಿಯಲು ಹೋಗಬೇಡಿ. ಮೊದಲ ಕಟ್ ಇರುವುದು ಹಳೆಯ ಲೆಕ್ಕ ಚುಕ್ತಾ ಮಾಡಲು.

ಎರಡನೆಯದು ತಾಲೀಮು. ಉಳಿದದ್ದು 1.028, ಅದರ ಅರ್ಧ 0.514. ಹಿಂದಿನ ಡಯಲ್ ಅಂಕಿಯಿಂದ ಕ್ರಾಸ್ ಸ್ಲೈಡ್‌ನಲ್ಲಿ 0.50, ಕಾಂಪೌಂಡ್‌ನಲ್ಲಿ 0.01 ಕೊಡಿ. ಅದೇ ಫೀಡ್, ಅದೇ ಆರ್‌ಪಿಎಂ, ಅದೇ ಕೂಲೆಂಟ್. ಬರಬೇಕಾದದ್ದು 25.526, ಬಂದದ್ದು 25.528. ಎರಡು ಮೈಕ್ರಾನ್ ವ್ಯತ್ಯಾಸ. ಈಗ ಡಯಲ್ ಮತ್ತು ಜಾಬ್ ಒಂದೇ ಭಾಷೆ ಮಾತಾಡುತ್ತಿವೆ. ಇಲ್ಲಿ 10 ಮೈಕ್ರಾನ್ ವ್ಯತ್ಯಾಸ ಬಂದರೆ ಮೂರನೆಯದಕ್ಕೆ ಹೋಗಬೇಡಿ. ಎಲ್ಲೋ ಏನೋ ಸಡಿಲ ಇದೆ, ಅಥವಾ ತುದಿಗೆ ಉಕ್ಕು ಅಂಟಿದೆ, ಅಥವಾ ಅಳತೆಯೇ ತಪ್ಪು. ಕಾರಣ ಹುಡುಕಲು ಕೈಯಲ್ಲಿ ಇನ್ನೂ ಅರ್ಧ ಮಿಲಿಮೀಟರ್ ಲೋಹ ಇದೆ, ಅದಕ್ಕೇ ತಾಲೀಮು.

ಮೂರನೆಯದು: 25.528ರಲ್ಲಿ 25.008 ಕಳೆದರೆ 0.520. ಕ್ರಾಸ್‌ನಲ್ಲಿ 0.50, ಕಾಂಪೌಂಡ್‌ನಲ್ಲಿ 0.02. ಆಳ ಹಿಂದಿನದಕ್ಕಿಂತ ಕೂದಲಷ್ಟು ಮಾತ್ರ ಹೆಚ್ಚು, ಜಗ್ಗು ಬದಲಾಗುವುದಿಲ್ಲ. ಕಟ್ ನಡುವೆ ನಿಲ್ಲಿಸಬೇಡಿ, ಫೀಡ್ ಬದಲಿಸಬೇಡಿ, ಶೋಲ್ಡರ್ ತಲುಪಿದಾಗ ಟೂಲನ್ನು ಹೊರಗೆ ಎಳೆಯುತ್ತಲೇ ಮುಖವನ್ನು ಶುಚಿ ಮಾಡಿ.

ಇದೇ ಸೆಟ್ಟಿಂಗ್‌ನಲ್ಲಿ ಇನ್ನೊಂದು ಸಲ ಟೂಲ್ ಓಡಿಸುವ ಪದ್ಧತಿ ಇದೆ, ಸ್ಪ್ರಿಂಗ್ ಕಟ್ ಅನ್ನುತ್ತಾರೆ. ಬೋರಿಂಗ್‌ನಲ್ಲಿ (ತೂತಿನ ಒಳಮೈ ಕತ್ತರಿಸುವಾಗ) ಉದ್ದದ ಬಾರ್ ಇರುವಾಗ ನಾನೂ ಮಾಡುತ್ತೇನೆ, ಆದರೆ ತಾಲೀಮಿನ ಕಟ್‌ನಲ್ಲೂ ಮಾಡಿರುತ್ತೇನೆ. ಕೊನೆಯಲ್ಲಿ ಮಾತ್ರ, ಸಮಾಧಾನಕ್ಕೆ ಅಂತ, ಒಂದು ಸ್ಪ್ರಿಂಗ್ ಕಟ್ ಓಡಿಸಿದರೆ ಅದು ಎಷ್ಟು ತೆಗೆಯುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಅಳತೆ

25.01ನ್ನು 0-25ರ ಮೈಕ್ರೋಮೀಟರ್‌ನ ಕೊನೆಯಲ್ಲಿ ಅಳೆಯಲು ಒದ್ದಾಡಬೇಡಿ. 25-50ರದ್ದು ತೆಗೆದುಕೊಳ್ಳಿ, ಒಂದು ಮೈಕ್ರಾನ್ ಓದುವಂಥದ್ದು. ಅದರ ಜೊತೆ ಬರುವ 25 ಮಿ.ಮೀ. ಸೆಟ್ಟಿಂಗ್ ರಾಡ್ ಇಲ್ಲಿ ವರದಾನ. ಜಾಬ್‌ನ ಅಳತೆಯೂ ರಾಡ್‌ನ ಅಳತೆಯೂ ಬಹುತೇಕ ಒಂದೇ. ರಾಡ್ ಅಳೆಯಿರಿ, ಜಾಬ್ ಅಳೆಯಿರಿ, ಮತ್ತೆ ರಾಡ್ ಅಳೆಯಿರಿ. ವ್ಯತ್ಯಾಸ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಮೈಕ್ರೋಮೀಟರ್‌ನ ಝೀರೋ ಸ್ವಲ್ಪ ತಪ್ಪಿದ್ದರೂ ಅದು ಕಳೆದುಹೋಗುತ್ತದೆ. ರಾಡನ್ನು ಜಾಬ್ ಪಕ್ಕದಲ್ಲೇ ಕ್ಯಾರೇಜ್ ಮೇಲೆ ಇಟ್ಟಿರಿ, ಜೇಬಲ್ಲಿ ಇಟ್ಟುಕೊಂಡರೆ ಮೈಬಿಸಿ ಹಿಡಿಯುತ್ತದೆ.

ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಸೀಟನ್ನು ಶುಭ್ರ ಬಟ್ಟೆಯಿಂದ ಒರೆಸಿ. ಬನಿಯನ್ ವೇಸ್ಟ್‌ನಿಂದ ಒರೆಸಿದರೆ ಒಂದು ಎಳೆ ಉಳಿದು ಅದೇ ಅಳತೆಗೆ ಸಿಗುತ್ತದೆ. ರ‍್ಯಾಚೆಟ್ ಪ್ರತಿ ಸಲ ಅಷ್ಟೇ ಸಲ ಟಿಕ್ ಅನ್ನಲಿ, ಮೂರು ಅಂದರೆ ಮೂರೇ. ಸೀಟಿನ ಎರಡು ಜಾಗದಲ್ಲಿ, ಒಂದೊಂದರಲ್ಲೂ ಕಾಲು ಸುತ್ತು ತಿರುಗಿಸಿ, ಒಟ್ಟು ನಾಲ್ಕು ಓದು. ಇಬ್ಬರ ಕೈ ಒಂದೇ ಥರ ಓದುವುದಿಲ್ಲ. ಶುರುಮಾಡಿದವರೇ ಕೊನೆಯವರೆಗೂ ಅಳೆಯಲಿ, ಸೂಪರ್‌ವೈಸರ್ ಬಂದು "ಕೊಡು ಇಲ್ಲಿ" ಅಂದರೂ.

ಮೈಕ್ರೋಮೀಟರ್ ಕಣ್ಣಿಗೆ ಬೀಳದ ತಪ್ಪೊಂದಿದೆ. ತ್ರೀ ಜಾ ಚಕ್‌ನಲ್ಲಿ ತೆಳು ಗೋಡೆಯ ಬುಷ್ ಹಿಡಿದು ಹೊರಮೈ ತಿರುಗಿಸಿದರೆ, ಚಕ್ ಬಿಟ್ಟ ಕೂಡಲೇ ಅದು ಮೂರು ಉಬ್ಬಿನ ಆಕಾರಕ್ಕೆ ತಿರುಗುತ್ತದೆ. ಎದುರುಬದುರು ಅಳೆದರೆ ಎಲ್ಲ ಕಡೆ ಒಂದೇ ವ್ಯಾಸ! ವಿ ಬ್ಲಾಕ್ ಮೇಲೆ ಇಟ್ಟು ಡಯಲ್ ಗೇಜ್ ಕೆಳಗೆ ತಿರುಗಿಸಿದರೆ ಮಾತ್ರ ಬಣ್ಣ ಬಯಲಾಗುತ್ತದೆ. ಬುಷ್‌ಗೆ ಮ್ಯಾಂಡ್ರೆಲ್ (ತೂತಿನೊಳಗೆ ತೂರಿಸಿ ಹಿಡಿಯುವ ಸರಳು) ಬಳಸಿ.

ಹಾಗಾದರೂ ಎರಡು ನೂರಂಶ ಉಳಿದರೆ

ಆಗ ಕಾರ್ಬೈಡ್ ಮುಟ್ಟಬೇಡಿ. ಸ್ಟೋನ್‌ನಲ್ಲಿ ಚೆನ್ನಾಗಿ ಮಸೆದ ಎಚ್‌ಎಸ್‌ಎಸ್ ಟೂಲ್, ಕಡಿಮೆ ವೇಗ, ಕಟಿಂಗ್ ಆಯಿಲ್. ಅದರ ಅಂಚು 0.02 ಪದರವನ್ನೂ ಕತ್ತರಿಸಬಲ್ಲದು. ಐದು ಮೈಕ್ರಾನ್ ಒಳಗಿದ್ದರೆ 400 ನಂಬರಿನ ಎಮೆರಿ ಪೇಪರ್ ಮತ್ತು ಎಣ್ಣೆ. ಎಮೆರಿಯಲ್ಲಿ ಹೆಚ್ಚು ತೆಗೆಯಲು ಹೋದರೆ ಸೀಟಿನ ತುದಿ ಸಣ್ಣಗಾಗುತ್ತದೆ. ಪೇಪರನ್ನು ಬೆರಳಿಗೆ ಅಥವಾ ಜಾಬ್‌ಗೆ ಸುತ್ತಬೇಡಿ, ಚಪ್ಪಟೆ ಫೈಲ್ ಕೆಳಗೆ ಹಿಡಿದು ಒತ್ತಿ. ಸುತ್ತಿದ ಪೇಪರ್ ಬೆರಳನ್ನೂ ಎಳೆದುಕೊಳ್ಳುತ್ತದೆ. ಗ್ಲೌಸ್, ಉದ್ದ ತೋಳು ಲೇತ್ ಹತ್ತಿರ ಬರಲೇಬಾರದು. ಬೆಡ್ ಮೇಲೆ ಹಳೇ ನ್ಯೂಸ್‌ಪೇಪರ್ ಹಾಸಿ, ಎಮೆರಿಯ ಪುಡಿ ಬೆಡ್ಡನ್ನೇ ತಿನ್ನುತ್ತದೆ.

ಇಪ್ಪತ್ತು ಪೀಸ್

ಒಂದೊಂದೇ ಶಾಫ್ಟ್ ಪೂರ್ತಿ ಮುಗಿಸುತ್ತಾ ಹೋಗಬೇಡಿ. ಇಪ್ಪತ್ತನ್ನೂ ರಫ್ ಮಾಡಿ ಸಾಲಾಗಿ ಇಡಿ, ಕೊನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ತಣ್ಣಗಾಗಿರುತ್ತದೆ. ಮೂರು ಕಟ್‌ನ ಪೂರ್ತಿ ಲೆಕ್ಕ ಮೊದಲ ಪೀಸ್‌ಗೆ ಮಾತ್ರ. ಆಮೇಲೆ ಉಳಿದವುಗಳಿಗೆ ಅದೇ ಡಯಲ್ ಅಂಕಿಗಳು: 25.53ರ ಹತ್ತಿರ ತರುವ ಒಂದು ಅಂಕಿ, ಕೊನೆಯದಕ್ಕೆ ಒಂದು ಅಂಕಿ. ಎರಡನ್ನೂ ಚಾಕ್‌ಪೀಸ್‌ನಿಂದ ಹೆಡ್‌ಸ್ಟಾಕ್ ಮೇಲೆ ಬರೆದುಬಿಡಿ.

ಪ್ರತಿ ಪೀಸ್‌ನ ಅಳತೆಯನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ, ಸರಿಯಿದ್ದದ್ದನ್ನೂ. ಟೂಲ್ ಸವೆದಂತೆ ಸೀಟು ದಪ್ಪವಾಗುತ್ತಾ ಹೋಗುತ್ತದೆ. 25.006, 25.006, 25.008, 25.009 ಅಂತ ಸಾಲು ಏರುವುದು ಕಣ್ಣಿಗೆ ಬಿದ್ದರೆ 25.015 ದಾಟುವ ಮುಂಚೆಯೇ ಕಾಂಪೌಂಡ್‌ನಲ್ಲಿ ಅರ್ಧ ಗೀಟು ಕೊಡಬಹುದು. ಇದೇ ಕಾರಣಕ್ಕೆ ಬ್ಯಾಚ್ ಮಾಡುವಾಗ ಗುರಿಯನ್ನು ನಡುಮಧ್ಯಕ್ಕಿಂತ ಸ್ವಲ್ಪ ಕೆಳಗೆ, 25.006ರಲ್ಲಿ ಇಟ್ಟುಕೊಳ್ಳುತ್ತೇನೆ. ಆದರೆ ಒಂದು ಪೀಸ್ ಮಾತ್ರ 3 ಮೈಕ್ರಾನ್ ಆಚೀಚೆ ಆಯಿತು ಅಂತ ಡಯಲ್ ತಿದ್ದಬೇಡಿ. ಅಷ್ಟು ಯಂತ್ರದ ಸಹಜ ಉಸಿರಾಟ. ಪ್ರತಿ ಪೀಸ್‌ಗೂ ತಿದ್ದುತ್ತಾ ಹೋದರೆ ಏರಿಳಿತ ಹೆಚ್ಚುತ್ತದೆ.

ಇನ್ಸರ್ಟ್‌ನ ಮೂಲೆ ತಿರುಗಿಸಿದರೆ ಹಳೆಯ ಅಂಕಿಗಳನ್ನು ಅಳಿಸಿಬಿಡಿ. ಎಂ ದರ್ಜೆಯ ಇನ್ಸರ್ಟ್‌ಗಳಲ್ಲಿ ಮೂಲೆಯಿಂದ ಮೂಲೆಗೆ ಕೆಲವು ನೂರಂಶ ವ್ಯತ್ಯಾಸ ಸಾಮಾನ್ಯ, ಮುಂದಿನ ಪೀಸ್‌ಗೆ ಮತ್ತೆ ಮೂರು ಕಟ್. ಮಧ್ಯಾಹ್ನದ ಊಟಕ್ಕೆ ಯಂತ್ರ ನಿಲ್ಲಿಸಿದ್ದರೆ ಹೆಡ್‌ಸ್ಟಾಕ್ ತಣ್ಣಗಾಗಿರುತ್ತದೆ, ಊಟ ಮುಗಿಸಿ ಬಂದ ಮೇಲಿನ ಮೊದಲ ಪೀಸ್‌ಗೂ ಹಾಗೆಯೇ.